ಅಕ್ಕಾ ಬಾ ಎನ್ನುವ ಹಾಡು ಹುಡುಕಿಕೊಂಡು ಬ್ರೆಜಿಲ್ಲಿಗೆ

ಹೊರಡುವ ಮೊದಲು: ಕಂಪ್ಲಿ

ಸಂಗೀತಕ್ಕೆ ಭಾಷೆಯ ಹಂಗಿಲ್ಲ, ಅದು ದೇಶಕಾಲಗಳ ಗಡಿ ದಾಟಿ ನೇರವಾಗಿ ಹೃದಯವನ್ನು ಮುಟ್ಟುತ್ತದೆ ಎಂಬುದು ಗಂಭೀರವಾಗಿ ಆಲೋಚಿಸತಕ್ಕ ವಿಷಯ. ನಮ್ಮ ಕಂಪ್ಲಿಯಲ್ಲಿ ಅದು ಹೃದಯವನ್ನು ಮುಟ್ಟುವ ಮೊದಲು ಬೇವಿನ ಮರಕ್ಕೆ ಕಟ್ಟಿದ ಹಾರ್ನನ್ನು ಹಾದುಬರಬೇಕಿತ್ತು. ಹಾದುಬರುವಾಗ ಅರ್ಧ ಸೋರಿಹೋಗುತ್ತಿತ್ತು, ಉಳಿದರ್ಧ ಕನ್ನಡವಾಗಿಬಿಡುತ್ತಿತ್ತು.

ಹಾರ್ನು ಕೊಟ್ರಪ್ಪನದು. ಕೊಟ್ರಪ್ಪ ನನ್ನ ಜೊತೆ ಕಂಪ್ಲಿಯಲ್ಲಿ ಓದಿದವನು. ಓದು ಅವನನ್ನು ಬಿಟ್ಟಮೇಲೆ ಮೈಕ್ ಸೆಟ್ ಇಟ್ಟುಕೊಂಡ. ಮದುವೆ, ಗೃಹಪ್ರವೇಶ, ಚುನಾವಣೆ, ಯಾವುದಿದ್ದರೂ ಅವನ ಸೆಟ್ಟೇ. ತೊಂಬತ್ತರ ದಶಕದ ಮೊದಲಲ್ಲಿ ಹಂಪಿಯ ಒಂದು ಸಮಾರಂಭಕ್ಕೆ ಹೋದವನು, ಅಲ್ಲಿ ಬಂಡೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ ಬ್ರೆಜಿಲ್ ದೇಶದ ಹೆಣ್ಣುಮಗಳೊಬ್ಬಳ ಜೊತೆ ಕ್ಯಾಸೆಟ್ ಬದಲು ಮಾಡಿಕೊಂಡು ಬಂದ. ಅವಳಿಗೆ ವಚನಗಳ ಕ್ಯಾಸೆಟ್ ಹೋಯಿತು. ಇವನಿಗೆ ಅವಳು ತಾನೇ ತುಂಬಿಕೊಂಡಿದ್ದ, ಹೆಸರು ದೆಸೆಯಿಲ್ಲದ ಒಂದು ಕ್ಯಾಸೆಟ್ ಬಂತು. ಈ ವ್ಯವಹಾರದಲ್ಲಿ ಮೋಸಹೋದವರು ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಕ್ಯಾಸೆಟ್ಟಿನ ಎರಡನೆಯ ಮಗ್ಗುಲಲ್ಲಿ ಒಂದು ಹಾಡಿತ್ತು. ಗಂಡಸೊಬ್ಬ ಏನೋ ಹೇಳುತ್ತಾನೆ. ಹಿಂದಿನಿಂದ ನಾಲ್ಕಾರು ಹೆಂಗಸರು ಒಟ್ಟಾಗಿ 'ಅಕ್ಕಾ ಬಾ' ಎನ್ನುತ್ತಾರೆ. ಅವನು ಮತ್ತೇನೋ ಹೇಳುತ್ತಾನೆ. ಅವರು ಮತ್ತೆ 'ಅಕ್ಕಾ ಬಾ' ಎನ್ನುತ್ತಾರೆ. ಕೊಟ್ರಪ್ಪನಿಗೆ ಹಂಪಮ್ಮ ಎಂಬ ಅಕ್ಕ, ಸಂಡೂರಿಗೆ ಕೊಟ್ಟವಳು. ಹೀಗಾಗಿ ಅವನಿಗೆ ಆ ಹಾಡಿನ ಅರ್ಥದ ಬಗ್ಗೆ ಸಂಶಯವೇ ಇರಲಿಲ್ಲ. ಪ್ರತಿ ವರ್ಷ ಪಂಚಮಿಗೆ ಹಂಪಕ್ಕ ತವರಿಗೆ ಬಂದು ಬಸ್ಸಿಳಿಯುವ ಹೊತ್ತಿಗೆ ಬೇವಿನ ಮರದಿಂದ ಬ್ರೆಜಿಲ್ಲಿನ ಹೆಂಗಸರು 'ಅಕ್ಕಾ ಬಾ' ಎಂದು ಕೂಗುತ್ತಿದ್ದರು. ಓಣಿಯವರಿಗೂ ರೂಢಿಯಾಯಿತು. ಮದುಮಗಳನ್ನು ಮನೆ ತುಂಬಿಸಿಕೊಳ್ಳುವಾಗಲೂ ಅದೇ ಹಾಡು ಬೇಕೆಂದು ಎಮ್ಮಿಗನೂರು, ಮೆಟ್ರಿಯಂಥ ಸುತ್ತಿನ ಹಳ್ಳಿಗಳಿಂದಲೂ ಬೇಡಿಕೆ ಬಂತು.

ಆಮೇಲೆ ಗಣಿಯ ಕಾಲ ಬಂತು. ಚೀನಾದವರು ನಮ್ಮ ಕೆಂಪು ಮಣ್ಣನ್ನು ಹಡಗು ಹಡಗಾಗಿ ಹೊತ್ತೊಯ್ಯತೊಡಗಿದರು. ಹಂಪಕ್ಕನ ಒಬ್ಬನೇ ಮಗ ವೀರೇಶನನ್ನು ಅದಿರು ಲಾರಿಗೆ ಡ್ರೈವರನನ್ನಾಗಿ ಸೇರಿಸಿದವನು ಕೊಟ್ರಪ್ಪನೇ. ಲಾರಿ ಮಾಲೀಕನ ಗೃಹಪ್ರವೇಶಕ್ಕೆ ಸೆಟ್ ಹಾಕಿದ್ದ ಗುರುತಿನ ಮೇಲೆ ಒಂದು ಮಾತು ಹೇಳಿದ್ದ, ಅಷ್ಟೆ. ಐದನೆಯ ತಿಂಗಳು ಸಂಡೂರಿನ ಇಳಿಜಾರಿನಲ್ಲಿ ಲಾರಿ ಮಗುಚಿತು. ಮಗನನ್ನು ಮಣ್ಣು ಮಾಡಿ ಬಂದ ದಿನ ಹಂಪಕ್ಕ ತಮ್ಮನಿಗೆ ಹೇಳಿದ್ದು ಒಂದೇ ಮಾತು: "ಕೊಟ್ರ, ಇನ್ನ ನೀ ಕರದ್ರ ನಾ ಬರಂಗಿಲ್ಲ. ಕರೀಬ್ಯಾಡ."

ಮೂರು ಪಂಚಮಿಗಳು ಕಳೆದವು. ಅವಳು ಬರಲಿಲ್ಲ. ಆ ನಡುವೆ ಒಂದು ಮದುವೆಯಲ್ಲಿ ಟೇಪು ಕ್ಯಾಸೆಟ್ಟನ್ನು ನುಂಗಿತು. ಕೊಟ್ರಪ್ಪ ಅದನ್ನು ಎಳೆದು, ಕತ್ತರಿಸಿ, ಅಂಟಿಸಿ ಉಳಿಸಿದನೇನೋ ನಿಜ. ಆದರೆ ಕತ್ತರಿಗೆ ಸಿಕ್ಕಿದ್ದು ಸರಿಯಾಗಿ 'ಅಕ್ಕಾ ಬಾ' ಇದ್ದ ಹಾಡೇ.

ನಾನು ಹೊಸಪೇಟೆಯಲ್ಲಿ ಅದಿರು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಮಿಸ್ಟ್. ಪುಡಿ ಅದಿರನ್ನು ತೊಳೆಯುವ ವಿದ್ಯೆಯನ್ನು ನೋಡಿಕೊಂಡು ಬಾ ಎಂದು ನಮ್ಮ ಧಣಿಗಳು ನನ್ನನ್ನು ಬ್ರೆಜಿಲ್ಲಿಗೆ ಕಳಿಸುವ ನಿರ್ಧಾರ ಮಾಡಿದರು. ನಮ್ಮಲ್ಲಿ ತೊಳೆಯಲು ನೀರೂ ಇರಲಿಲ್ಲ, ತೊಳೆಯಬೇಕೆಂಬ ಆತುರವೂ ಇರಲಿಲ್ಲ. ಆದರೆ ಆ ವರ್ಷ ಬೇರೆ ಧಣಿಗಳೆಲ್ಲ ತಮ್ಮವರನ್ನು ಯಾವುದಾದರೊಂದು ದೇಶಕ್ಕೆ ಕಳಿಸುತ್ತಿದ್ದರು.

ಸುದ್ದಿ ಕೇಳಿ ಕೊಟ್ರಪ್ಪ ಹೊಸಪೇಟೆಗೆ ಬಂದ.

"ಲೇ ಸಿದ್ದ, ಬ್ರೆಜಿಲ್ಲಿಗೆ ಹೊಂಟೀಯಂತಲ್ಲ, ಖರೇ ಏನು?"

"ಖರೇ. ಮಣ್ಣು ತೊಳಿಯೋದು ಕಲಿಯಾಕ."

"ಮಣ್ಣು ತೊಳಿಯಾಕ ಅಷ್ಟು ದೂರ? ನಮ್ಮ ಹೊಳ್ಯಾಗ ನೀರು ಬತ್ತ್ಯಾವೇನು?" ಎಂದು ನಕ್ಕು, ಆಮೇಲೆ ನಗುವುದನ್ನು ನಿಲ್ಲಿಸಿ ಹೇಳಿದ: "ಮಗಳ ಮದುವಿ ಗಟ್ಟಿ ಆತು. ಇನ್ನ ಒಂದೂವರೆ ತಿಂಗಳೈತಿ. ನಮ್ಮ ಮನ್ಯಾಗ ಮೊದಲ ಅರಿಷಿಣ ಸೋದರತ್ತಿನೇ ಹಚ್ಚಬೇಕು. ನಿನಗ ಗೊತ್ತಲ್ಲ."

"ಹೋಗಿ ಕರಿ."

"ನಾ ಕರದ್ರ ಬರಂಗಿಲ್ಲ ಅಂದಾಳ. ಹಾಡು ಕರದ್ರ ಬರಂಗಿಲ್ಲ ಅಂದಿಲ್ಲ."

ವಕೀಲರ ಮನೆತನದಲ್ಲಿ ಹುಟ್ಟದೆ ಕಂಪ್ಲಿಯಲ್ಲಿ ಮೈಕ್ ಸೆಟ್ ಹಾಕುತ್ತ ಕೂತ ಈ ಮನುಷ್ಯನನ್ನು ನಾನು ಮೇಲಿಂದ ಕೆಳಗೆ ನೋಡಿದೆ.

"ಹಾಡಿನ ಹೆಸರೇನು? ಹಾಡಿದವ ಯಾರು?"

"ಅದು ಗೊತ್ತಿದ್ರ ನಿನಗ್ಯಾಕ ಹೇಳತಿದ್ನಿ? ಬ್ರೌಸಿಂಗ್ ಸೆಂಟರಿನವನೂ ಮೊದಲು ಹೆಸರೇ ಕೇಳಿದ. ನೀನು ಅಲ್ಲಿ ಹೋಗಿ ಹಾಡಿ ತೋರಿಸು. ಅವರ ಹಾಡು ಅವರಿಗೆ ಗೊತ್ತಿರಂಗಿಲ್ಲೇನು?"

ಶಾಲೆಯ ಪ್ರಾರ್ಥನೆಯನ್ನು ಬಿಟ್ಟರೆ ಜನ್ಮದಲ್ಲಿ ಹಾಡದವನು ನಾನು. ಆಗಲಿ ಎಂದೆ.

ಸಾವೊ ಪಾಲೊ: ವಿಮಾನ ನಿಲ್ದಾಣ

ಮೂರು ವಿಮಾನ ಬದಲಿಸಿ, ದಿನ ಯಾವುದು ರಾತ್ರಿ ಯಾವುದು ಎಂಬ ವಿವೇಕವನ್ನು ಕಳೆದುಕೊಂಡು ಇಳಿದೆ. ನನ್ನ ಚೀಲದಲ್ಲಿ ಎರಡು ಪೊಟ್ಟಣಗಳಿದ್ದವು. ಒಂದು, ಹೋಲಿಸಿ ನೋಡಲೆಂದು ಧಣಿಗಳು ಕೊಟ್ಟ ಸಂಡೂರಿನ ಅದಿರು. ಇನ್ನೊಂದು, ಹೆಂಡತಿ ಕೊಟ್ಟ ಕೆಂಪು ಚಟ್ನಿಪುಡಿ. ಎರಡನ್ನೂ ಒಂದೇ ನಮೂನೆಯ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದು ವೈಜ್ಞಾನಿಕ ಮನೋಭಾವಕ್ಕೆ ತಕ್ಕದ್ದಾಗಿರಲಿಲ್ಲ.

ತಪಾಸಣೆಯ ಅಧಿಕಾರಿ ಎರಡನ್ನೂ ಮೇಜಿನ ಮೇಲಿಟ್ಟು ಏನಿದು ಎಂದು ಸನ್ನೆ ಮಾಡಿದ. ನಾನು ಗಾಬರಿಯಲ್ಲಿ ಕೈಯನ್ನು ಬಾಯಿಗೆ ಒಯ್ದು, ತಿನ್ನುವ ಪದಾರ್ಥ ಎಂದು ತೋರಿಸಿದೆ. ತೋರಿಸಿದ್ದು ಚಟ್ನಿಪುಡಿಯ ಕಡೆಗೆ. ಅವನು ಬೆರಳು ಅದ್ದಿದ್ದು ಇನ್ನೊಂದರಲ್ಲಿ. ಸಂಡೂರಿನ ಉತ್ತಮ ದರ್ಜೆಯ ಅದಿರನ್ನು ನಾಲಿಗೆಯಿಂದ ಪರೀಕ್ಷಿಸಿದ ಸರ್ಕಾರಿ ಅಧಿಕಾರಿ ಎರಡೂ ದೇಶಗಳಲ್ಲಿ ಇವನೊಬ್ಬನೇ ಇರಬೇಕು. ಅವನು ಬಹಳ ಹೊತ್ತು ಯೋಚಿಸಿದ. ಬಾಯಿ ತೊಳೆದುಕೊಂಡು ಬಂದು, ನನ್ನ ಕಾಗದಗಳಲ್ಲಿ ಗಣಿಯ ಹೆಸರನ್ನು ಕಂಡ. ಅವನ ಮುಖದ ಮೇಲೆ ಅರಿವು ನಿಧಾನವಾಗಿ ಮೂಡಿತು. ಅಕ್ಕಪಕ್ಕದ ಇಬ್ಬರನ್ನು ಕರೆದು ಪೊಟ್ಟಣವನ್ನು ತೋರಿಸಿದ. ಬ್ರೆಜಿಲ್ಲಿಗೆ ಕಬ್ಬಿಣದ ಅದಿರನ್ನು ಹೊತ್ತು ತಂದವನನ್ನು ಅವರು ಮೂವರೂ ನಿಂತು ನೋಡಿದರು. ನಮ್ಮ ತುಂಗಭದ್ರೆಗೆ ಯಾರಾದರೂ ಪರದೇಶದಿಂದ ಒಂದು ತಂಬಿಗೆ ನೀರು ತಂದರೆ ನಾವೂ ಹೀಗೆಯೇ ನೋಡುತ್ತಿದ್ದೆವು.

ಅದಿರನ್ನು ವಾಪಸು ಕೊಟ್ಟರು. ಚಟ್ನಿಪುಡಿಯನ್ನು ಇಟ್ಟುಕೊಂಡರು.

ಬೆಟ್ಟವಿದ್ದ ಊರು

ಗಣಿಯ ಊರಿನಲ್ಲಿ ನನಗೆ ದುಭಾಷಿಯಾಗಿ ದೋನಾ ಇರೇನಿ ಎಂಬ ನಿವೃತ್ತ ಶಾಲಾ ಶಿಕ್ಷಕಿಯನ್ನು ಗೊತ್ತುಮಾಡಿದ್ದರು. ದೋನಾ ಎಂದರೆ ನಮ್ಮಲ್ಲಿ ಅಮ್ಮನವರು ಎಂದಂತೆ. ಅರುವತ್ತು ದಾಟಿದ ದಪ್ಪನೆಯ ಹೆಂಗಸು. ಕಂಡೊಡನೆ ಅಪ್ಪಿಕೊಳ್ಳುವುದು ಅಲ್ಲಿಯವರ ಪದ್ಧತಿ. ಕಂಡೊಡನೆ ಕೈಮುಗಿಯುವುದು ನಮ್ಮದು. ಎರಡೂ ಒಂದೇ ಕಾಲಕ್ಕೆ ನಡೆದು ನನ್ನ ಜೋಡಿಸಿದ ಕೈಗಳು ಇಬ್ಬರ ನಡುವೆ ಸಿಕ್ಕಿಕೊಂಡವು. ಬಿಡಿಸಿಕೊಳ್ಳಲು ಸ್ವಲ್ಪ ಸಮಯ ಹಿಡಿಯಿತು. ಆಮೇಲೆ ನಾವು ಸ್ನೇಹಿತರಾದೆವು.

ಮಣ್ಣು ಅದೇ ಮಣ್ಣು. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಭೂಮಿಯ ಆ ಬದಿಗೆ ಬಂದು ಬೂಟು ಬಿಚ್ಚಿದರೆ ಕಾಲುಚೀಲದ ಮೇಲೆ ಸಂಡೂರಿನದೇ ಕೆಂಪು. ವ್ಯತ್ಯಾಸವೆಂದರೆ ಅಲ್ಲಿ ಗಣಿಯಿಂದ ಹೊರಬೀಳುವ ಪ್ರತಿ ಲಾರಿಯ ಗಾಲಿಯನ್ನೂ ತೊಳೆಯುತ್ತಿದ್ದರು, ರಸ್ತೆಗೆ ನೀರು ಹೊಡೆಯುತ್ತಿದ್ದರು. ನಮ್ಮಲ್ಲಿ ಸಂಡೂರು ರಸ್ತೆಯ ಹೋಟೆಲಿನಲ್ಲಿ ಇಡ್ಲಿಯೂ ಕೆಂಪಾಗಿರುತ್ತದೆ. ಚಟ್ನಿ ಯಾವುದು ಎಂದು ಕೇಳಿಕೊಂಡು ತಿನ್ನಬೇಕು. ನಾನು ವರದಿ ಪುಸ್ತಕದಲ್ಲಿ 'ಗಾಲಿ ತೊಳೆಯುತ್ತಾರೆ' ಎಂದು ಬರೆದುಕೊಂಡೆ. ಹಿಂದಿರುಗಿದ ಮೇಲೆ ಧಣಿಗಳು ಆ ಪುಟವನ್ನು ತಿರುವಿಹಾಕಿದ್ದನ್ನು ಕಣ್ಣಾರೆ ಕಂಡೆ.

ದೋನಾ ಇರೇನಿ ನನ್ನನ್ನು ಕಬ್ಬಿಣದ ಸರಳುಗಳ ಒಂದು ಕಟಾಂಜನದ ಬಳಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು.

"ನಾನು ಹುಡುಗಿಯಾಗಿದ್ದಾಗ ನಮ್ಮ ಮನೆಯ ಕಿಟಕಿಯಿಂದ ಒಂದು ಬೆಟ್ಟ ಕಾಣುತ್ತಿತ್ತು," ಎಂದರು.

"ಯಾವ ಕಡೆ?" ಎಂದು ನಾನು ಕತ್ತೆತ್ತಿ ಸುತ್ತ ನೋಡಿದೆ.

"ಮೇಲೆ ನೋಡಬೇಡಿ. ಕೆಳಗೆ."

ಕಟಾಂಜನದಾಚೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹಳ್ಳ. ಅದರ ತಳದಲ್ಲಿ ಓಡಾಡುತ್ತಿದ್ದ ಲಾರಿಗಳು ಬೆಂಕಿಪೊಟ್ಟಣದಷ್ಟು ಕಾಣುತ್ತಿದ್ದವು. ಇಷ್ಟು ಶಿಸ್ತಾಗಿ, ಗಾಲಿ ತೊಳೆದುಕೊಂಡು, ನೀರು ಹೊಡೆದುಕೊಂಡು ಒಂದು ಬೆಟ್ಟವನ್ನು ಇಲ್ಲವಾಗಿಸಬಹುದೆಂದು ನನಗೆ ಗೊತ್ತಿರಲಿಲ್ಲ. ನಾವು ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ. ಮಾಡುತ್ತಿದ್ದುದು ಮಾತ್ರ ಇದನ್ನೇ.

ಮಧ್ಯಾಹ್ನ ಕ್ಯಾಂಟೀನಿಗೆ ಹೋದೆವು. ಅನ್ನಕ್ಕೆ ಕಪ್ಪು ಕಾಳಿನ ಸಾರು ಅಲ್ಲಿಯವರ ನಿತ್ಯದ ಊಟ. ಸಾರಿನಲ್ಲಿ ಹಂದಿಯ ತುಂಡು ಇರುತ್ತದೆಂದು ದೋನಾ ಇರೇನಿ ನನಗಾಗಿ ಬರಿಯ ಕಾಳನ್ನು ಬೇರೆ ಪಾತ್ರೆಯಲ್ಲಿ ಮಾಡಿಸಿದ್ದರು. ಲಿಂಗ ಕಟ್ಟಿದವರು ಬಂದಿದ್ದಾರೆಂದು ಅಡಿಗೆಯವನಿಗೆ ಹೇಗೆ ವಿವರಿಸಿದರೋ, ಅವನು ನನ್ನನ್ನು ರೋಗಿಯಂತೆ ಕನಿಕರದಿಂದ ನೋಡುತ್ತಿದ್ದ. ಕಾಳು ನಮ್ಮ ಹುರುಳಿಕಟ್ಟಿನ ದಾಯಾದಿಯಂತೆ ರುಚಿಯಾಗಿತ್ತು. ಇನ್ನೊಂದು ಸೌಟು ಹಾಕಿ ಎಂದು ತಟ್ಟೆ ಮುಂದೊಡ್ಡಿದೆ. ಅವನು ಪಾತ್ರೆಯ ತಳವನ್ನು ಸೌಟಿನಿಂದ ಕೆರೆದು, ಎರಡೂ ಕೈ ಚೆಲ್ಲಿ ಹೇಳಿದ:

"ಅಕಬೋ!"

ನಾನು ತಿರುಗಿ ನೋಡಿದೆ. ನಿಜವಾಗಿ, ಹಂಪಕ್ಕ ಬಂದಳೇನೋ ಎಂಬಂತೆ ಬಾಗಿಲ ಕಡೆ ತಿರುಗಿ ನೋಡಿದೆ. ಆಮೇಲೆ ದೋನಾ ಇರೇನಿಯವರನ್ನು ಕೇಳಿದೆ, "ಅವನು ಏನೆಂದ?"

"ಅಕಬೋ. ಅಂದರೆ ಮುಗಿಯಿತು. ಕಾಳು ಮುಗಿಯಿತು," ಎಂದರು. "ಯಾಕೆ, ಹೊಟ್ಟೆ ತುಂಬಲಿಲ್ಲವೆ?"

ತುಂಬಿತು ಎಂದೆ. ತಟ್ಟೆಯಲ್ಲಿದ್ದುದನ್ನೂ ಉಣ್ಣಲಾಗಲಿಲ್ಲ.

ಬೆಲೊ ಹೊರಿಜೊಂಚಿ: ಹಳೆಯ ಪ್ಲೇಟಿನ ಅಂಗಡಿ

ಇದು ಆ ಸೀಮೆಯ ದೊಡ್ಡ ಊರು. ಹೆಸರಿನ ಅರ್ಥ ಸುಂದರ ದಿಗಂತ. ಕಟ್ಟಡಗಳ ನಡುವೆ ಅದು ಎಲ್ಲಿದೆಯೆಂದು ನಾನು ಹುಡುಕಲಿಲ್ಲ.

ಹಳೆಯ ಗ್ರಾಮಫೋನ್ ಪ್ಲೇಟು ಮಾರುವ ಅಂಗಡಿಯೊಂದಕ್ಕೆ ದೋನಾ ಇರೇನಿ ಕರೆದೊಯ್ದರು. ಅಂಗಡಿಯ ಮುದುಕ, ಇಬ್ಬರು ಗಿರಾಕಿಗಳು, ಒಂದು ಬೆಕ್ಕು. ಹಾಡಿನ ಹೆಸರೇನು ಎಂದ ಮುದುಕ. ಗೊತ್ತಿಲ್ಲ. ಹಾಡಿದವನು? ಗೊತ್ತಿಲ್ಲ. ಯಾವ ವರ್ಷದ್ದು? ಗೊತ್ತಿಲ್ಲ. ಇವನಿಗೆ ಏನು ಗೊತ್ತು ಎಂದು ದೋನಾ ಇರೇನಿಯವರನ್ನು ಕೇಳಿದನಂತೆ. "ಇವರು ಹಾಡುತ್ತಾರೆ" ಎಂದು ಅವರು ಅಂದುಬಿಟ್ಟರು.

ಐವತ್ತೇಳನೆಯ ವಯಸ್ಸಿನಲ್ಲಿ, ಹಣೆಗೆ ವಿಭೂತಿ ಇಟ್ಟುಕೊಂಡು, ನಾನು ಆ ಅಂಗಡಿಯಲ್ಲಿ ನಿಂತು 'ಅಕ್ಕಾ ಬಾ' ಎಂದು ಹಾಡಿದೆ. ಯಾರಿಗೂ ತಿಳಿಯಲಿಲ್ಲ. ಇನ್ನೊಮ್ಮೆ ಹಾಡಿದೆ. ಬೆಕ್ಕು ಹೊರಗೆ ಹೋಯಿತು. ಹಾಡಿನ ನಡುವೆ ನಾಯಿಮರಿ ಕುಂಯ್‌ಗುಟ್ಟಿದಂಥ ಒಂದು ವಾದ್ಯ ಬರುತ್ತದಲ್ಲ, ಅದನ್ನೂ ಮಾಡಿ ತೋರಿಸಿದೆ. ಗಿರಾಕಿಗಳಿಬ್ಬರೂ ಗೋಡೆಯ ಕಡೆ ತಿರುಗಿ ಭುಜ ಅಲುಗಿಸುತ್ತಿದ್ದರು. ಕೊನೆಗೆ, ಸಾಕುಮಾಡಿ ಹೊರಟುಬಿಡೋಣವೆಂದು, ಕೊಟ್ರಪ್ಪ ಆಂಪ್ಲಿಫೈಯರಿನ ಮೇಲೆ ಬೆರಳು ಬಡಿಯುತ್ತಿದ್ದ ರೀತಿಯನ್ನು ನೆನೆದು ಗಲ್ಲಾಪೆಟ್ಟಿಗೆಯ ಮೇಲೆ ಬಡಿದೆ. ಮುದುಕ ಕೈಯೆತ್ತಿ ನನ್ನನ್ನು ತಡೆದ. ಏಣಿ ಹತ್ತಿದ. ಇಳಿದಾಗ ಕೈಯಲ್ಲಿ ಒಂದು ಹಳದಿ ಲಕೋಟೆಯ ಪ್ಲೇಟು ಇತ್ತು. ಅದರ ಮೇಲೆ ಒಬ್ಬ ಮನುಷ್ಯ ಬೆನ್ನು ತೋರಿಸಿ ನಡೆದುಹೋಗುತ್ತಿದ್ದ.

"ಸಾಂಬಾ ಸೋಲ್," ಎಂದ ಮುದುಕ, ದೇವರ ಹೆಸರು ಹೇಳುವ ಭಕ್ತಿಯಿಂದ.

ನಾನು ಬೆಚ್ಚಿದೆ. ಸಾಂಬ ನಮ್ಮ ದೇವರ ಹೆಸರು. ಸೋಲು ನಮ್ಮ ನಿತ್ಯದ ಅನುಭವ. ಇದು ಇವರ ದೇಶದ ಕುಣಿತದ ತಾಳಕ್ಕೆ ಅಮೆರಿಕದ ಕರಿಯರ ಹಾಡಿನ ಸಂಕಟವನ್ನು ಬೆರೆಸಿದ ಒಂದು ಬಗೆಯೆಂದು ದೋನಾ ಇರೇನಿ ವಿವರಿಸಿದರು. ಎಪ್ಪತ್ತರ ದಶಕದಲ್ಲಿ ಇಂಥವು ಬಂದವಂತೆ. ನನಗೆ ನನ್ನ ಅರ್ಥವೇ ಹೆಚ್ಚು ಸರಿಯೆನ್ನಿಸಿತು.

ಮುದುಕ ಪ್ಲೇಟು ಹಾಕಿದ. ನಾವು ಐದೂ ಜನ ಮೊದಲಿನಿಂದ ಕೊನೆಯ ತನಕ ಕೇಳಿದೆವು.

ಹದಿನೈದು ವರ್ಷ ಕೇಳಿದ ಹಾಡನ್ನು ನಾನು ಕೇಳಿಯೇ ಇರಲಿಲ್ಲ ಎಂಬುದು ಅಂದು ಗೊತ್ತಾಯಿತು. ಹಾರ್ನಿಗೆ ಕೆಳಗಿನ ಸ್ವರಗಳನ್ನು ಹೊರಡಿಸುವ ಶಕ್ತಿಯಿಲ್ಲ. ಅದಕ್ಕೆ ಎಟುಕುವುದು ಮೇಲುದನಿ ಮಾತ್ರ. ಹೀಗಾಗಿ ಕಂಪ್ಲಿಗೆ ತಲುಪಿದ್ದು ಕಹಳೆ, ಗಿಲಕಿ, ಹೆಂಗಸರ ಕೂಗು. ಅಂದರೆ ಹಬ್ಬ. ಅದರ ಅಡಿಯಲ್ಲಿ ಇನ್ನೊಂದು ನಡೆಯುತ್ತಿತ್ತು. ಒಂದು ದಪ್ಪ ತಂತಿಯ ದನಿ. ಭಾರವಾದುದನ್ನು ಹೊತ್ತವನು ಅವಸರಪಡದೆ ಹೆಜ್ಜೆಯಿಡುವ ಹಾಗೆ. ಮೇಲೆ ಕಹಳೆಗಳು ನಗುತ್ತಿದ್ದರೆ ಅದು ನಗುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಹಾಡುವವನ ಕಂಠ ಕಹಳೆಗಳ ಕಡೆಗಿರಲಿಲ್ಲ, ಅದರ ಕಡೆಗಿತ್ತು. ಅವನು ಎಲ್ಲಿಯೂ ಗೋಳಾಡುವುದಿಲ್ಲ. ಕಟ್ಟೆಯ ಮೇಲೆ ಕೂತು ನಡೆದದ್ದನ್ನು ಹೇಳುವವರ ಹಾಗೆ ಹೇಳಿಕೊಂಡು ಹೋಗುತ್ತಾನೆ. ಕೇಳುವವರ ಕಾಲು ತಾಳ ಹಾಕುತ್ತದೆ, ತಲೆ ಬಾಗುತ್ತದೆ, ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ನಮ್ಮಲ್ಲಿ ಅಳುವ ಹಾಡು ಬೇರೆ, ಕುಣಿಯುವ ಹಾಡು ಬೇರೆ. ಸಾವಿಗೆ ಹಲಗೆ ಬಡಿಯುವವರು ಮಾತ್ರ ಎರಡನ್ನೂ ಒಂದೇ ಕೈಯಲ್ಲಿ ಮಾಡುತ್ತಾರೆ. ನನಗೆ ನೆನಪಾದದ್ದು ಅವರೇ.

ನಮ್ಮ ಹಾಡು ಬಂದಾಗ ದೋನಾ ಇರೇನಿ ಮೆಲ್ಲಗೆ ಅರ್ಥ ಹೇಳತೊಡಗಿದರು. ಒಬ್ಬ ಮನೆ ಖಾಲಿ ಮಾಡುತ್ತಿದ್ದಾನೆ. ಡಬ್ಬಿಯಲ್ಲಿ ಕಾಫಿಪುಡಿಯಿಲ್ಲ. ಹೆಂಗಸರು: ಮುಗಿಯಿತು. ಅಂಗಳದಲ್ಲಿ ನೆರಳಿಲ್ಲ. ಮುಗಿಯಿತು. ನೀನು ಹೋದ ಮೇಲೆ ನಾಯಿಯೂ ಬಾಗಿಲ ಕಡೆ ನೋಡುವುದನ್ನು ಬಿಟ್ಟಿದೆ. ಮುಗಿಯಿತು, ಮುಗಿಯಿತು.

"ಇದಕ್ಕೆ ಇಲ್ಲಿಯವರು ಅಳುತ್ತಾರೆಯೇ?" ಎಂದೆ.

"ಇಲ್ಲ, ಎದ್ದು ಕುಣಿಯುತ್ತಾರೆ. ಕುಣಿಯುವವರ ಮುಖ ನೋಡಬಾರದು, ಅಷ್ಟೆ."

ನಾನು ಅವರಿಗೆ ಹಂಪಕ್ಕನ ವಿಷಯ ಹೇಳಿದೆ. ಬಸ್ಸು, ಬೇವಿನ ಮರ, ಮದುಮಗಳನ್ನು ಮನೆ ತುಂಬಿಸಿಕೊಳ್ಳುವಾಗ ಓಣಿಗೆಲ್ಲ ಕೇಳುವಂತೆ 'ಮುಗಿಯಿತು' ಎಂದು ಸಾರಿದ ನಮ್ಮ ಸಂಭ್ರಮ. ಅವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಅದೇ ನೀರನ್ನು ಒರೆಸಿಕೊಳ್ಳುತ್ತ ಕೇಳಿದರು, "ಆ ಅಕ್ಕ ಆಮೇಲೆ ಬಂದರೇನು?"

"ಇನ್ನು ಬರಬೇಕು," ಎಂದೆ.

ಪ್ಲೇಟನ್ನು ಮುದುಕ ಹಳೆಯ ಪತ್ರಿಕೆಗಳಲ್ಲಿ ಸುತ್ತಿಕೊಟ್ಟ. ಮೂರು ವಿಮಾನಗಳಲ್ಲೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಬಂದೆ.

ಮತ್ತೆ ಕಂಪ್ಲಿ

ಕೊಟ್ರಪ್ಪ ಪ್ಲೇಟನ್ನು ಎರಡೂ ಅಂಗೈಗಳ ನಡುವೆ ಹಿಡಿದು ಬೆಳಕಿಗೆ ತಿರುಗಿಸಿದ. "ಮಸ್ತ್ ಐತಲೇ. ಒಂದು ಗೀರಿಲ್ಲ." ಅವನಲ್ಲಿ ಹಳೆಯ ಪ್ಲೇಟ್ ಮಿಷನ್ನು ಇತ್ತು. ಮುಳ್ಳು ಬದಲಿಸಿ ಸಿದ್ಧಮಾಡಿದ್ದ.

"ಕೊಟ್ರ, ಆ ಹಾಡಿಗೆ ಅವರಲ್ಲಿ ಅರ್ಥ ಬ್ಯಾರೇ ಐತಿ," ಎಂದೆ.

"ಇರ್ಲಿ ಬಿಡು. ಅವರ ಅರ್ಥ ಅವರಿಗೆ."

"ಕೇಳಿದ್ರ ನೀ ಹಾಕಂಗಿಲ್ಲ."

"ಅದಕ್ಕ ಹೇಳಬ್ಯಾಡ ಅಂತೀನಿ. ಹದಿನೈದು ವರ್ಷ ನಮ್ಮ ಅರ್ಥ ಚಲೋ ನಡದೈತಿ. ಮದುವಿಗೆ ಎಂಟು ದಿನ ಐತಿ. ಈಗ ಅದನ್ನ ರಿಪೇರಿ ಮಾಡಾಕ ಬರಬ್ಯಾಡ."

ಇದಕ್ಕೆ ಎದುರಾಡಲು ನನಗೆ ಹಕ್ಕಿರಲಿಲ್ಲ. ಅದಿರಿನಲ್ಲಿ ಕಬ್ಬಿಣ ಎಷ್ಟು ಪರ್ಸೆಂಟ್ ಇರಬೇಕೆಂದು ಧಣಿಗಳು ಹೇಳಿದರೋ ಅಷ್ಟನ್ನೇ ಬರೆದು ಸಹಿ ಹಾಕಿಕೊಟ್ಟ ಕೈ ಇದು. ಆದರೂ ಒಂದು ಮಾತು ಹೇಳಿದೆ. ಹಾರ್ನು ಬೇಡ, ದೊಡ್ಡ ಸ್ಪೀಕರ್ ಬಾಕ್ಸ್ ತಗೊಂಡು ಬಾ, ಅಕ್ಕ ಹಾಡನ್ನು ಪೂರ್ತಿ ಕೇಳಲಿ. ಇದು ಒಳ್ಳೆಯ ಸಲಹೆಯೆಂದು ಆಗ ನನಗೆ ಅನ್ನಿಸಿತ್ತು.

ಸಂಡೂರು

ಟೆಂಪೋದಲ್ಲಿ ನಾನು, ಕೊಟ್ರಪ್ಪ, ಬಾಕ್ಸು, ಆಂಪ್ಲಿಫೈಯರು, ಪ್ಲೇಟ್ ಮಿಷನ್ನು. ಹೊಸಪೇಟೆ ದಾಟಿದ ಮೇಲೆ ಅದಿರು ಲಾರಿಗಳ ಸಾಲು. ಅವುಗಳ ನಡುವೆ ನಮ್ಮ ಟೆಂಪೋ ದಿಬ್ಬಣದಂತೆ ಹೋಯಿತು, ಹೆಣ್ಣು ಗಂಡು ಯಾರೂ ಇಲ್ಲದ ದಿಬ್ಬಣ. ಇಳಿಜಾರು ಬಂದಾಗ ಕೊಟ್ರಪ್ಪ ಕಿಟಕಿಯಾಚೆ ನೋಡಲಿಲ್ಲ. ಮಿಷನ್ನಿನ ಮೇಲೆ ಹೊದಿಸಿದ ಟವಲನ್ನು ಸರಿಮಾಡುತ್ತ ಕೂತಿದ್ದ.

ಹಂಪಕ್ಕ ಬಾಗಿಲಿಗೆ ಒದ್ದೆ ಗೋಣಿತಾಟು ಕಟ್ಟಿದ್ದಳು, ಧೂಳು ಒಳಗೆ ಬರದಿರಲೆಂದು. ಅದನ್ನು ಸರಿಸಿ ನೋಡಿದಳು. ತಮ್ಮನನ್ನು ನೋಡಿಯೂ ನನ್ನನ್ನೇ ಮಾತಾಡಿಸಿದಳು.

"ಬಾ ಸಿದ್ದಪ್ಪ. ಕುಂದ್ರು. ಯಾವುದೋ ದೇಶಕ್ಕ ಹೋಗಿದ್ದಿಯಂತ. ಅಲ್ಲೂ ಇದೇ ಮಣ್ಣೇನು?"

"ಇದೇ ಮಣ್ಣು, ಅಕ್ಕ."

"ಅಲ್ಲಿಗೂ ಬಂತೇನು ಹಾಳಾದ್ದು," ಎಂದು, ಹೊರಗಿನ ಕಟ್ಟೆಯ ಮೇಲೆ ಕೂತ ಕೊಟ್ರಪ್ಪನ ಕಡೆ ನೋಡದೆ, "ಅವಗ ಹೇಳು, ಬಿಸಿಲಾಗ ಕುಂದರಬ್ಯಾಡ ಅಂತ," ಎಂದಳು.

ನಾನು ಹೇಳಿದೆ. ಆರು ಅಡಿ ದೂರದಲ್ಲಿದ್ದ ಅವನು, "ಇರ್ಲಿ ಅಂತ ಹೇಳು," ಎಂದ. ಅದನ್ನೂ ಹೇಳಿದೆ. ಬ್ರೆಜಿಲ್ಲಿನಲ್ಲಿಯೂ ನನಗೆ ಇಷ್ಟು ದುಭಾಷಿಯ ಅಗತ್ಯ ಬಿದ್ದಿರಲಿಲ್ಲ.

ಕೊಟ್ರಪ್ಪ ವೈರು ಜೋಡಿಸಿದ. ಮುಳ್ಳು ಇಟ್ಟ. ದಪ್ಪ ತಂತಿ ಹೆಜ್ಜೆ ಹಾಕತೊಡಗಿತು. ಗೂಟಕ್ಕೆ ಹಾಕಿದ್ದ ಹಿತ್ತಾಳೆ ತಂಬಿಗೆ ಅದಕ್ಕೆ ಝುಮ್ಮೆಂದಿತು. ಗಂಡಸು ತನ್ನ ಮಾತು ಹೇಳಿದ. ಹೆಂಗಸರು ಕೂಗಿದರು. ಕೊಟ್ರಪ್ಪ ಅಕ್ಕನ ಮುಖವನ್ನೇ ನೋಡುತ್ತಿದ್ದ.

ಹಾಡು ಮುಗಿದ ಮೇಲೆ ಅವಳು, "ಇದು ಆ ಹಾಡಲ್ಲ," ಎಂದಳು.

"ಅದೇ ಹಾಡು, ಅಕ್ಕ," ಎಂದೆ.

"ಅಲ್ಲ. ಕೆಳಗ ಯಾರೋ ನಡದಂಗ ಸಪ್ಪಳ ಐತಿ. ಅದಕ್ಕಿರಲಿಲ್ಲ ಅದು."

"ಆಗ್ಲೂ ಇತ್ತು. ನಮ್ಮ ಹಾರ್ನಿಗೆ ನಿಲುಕತಿರಲಿಲ್ಲ."

ಅವಳು ಬಾಕ್ಸಿನ ಕಡೆ ನೋಡಿದಳು. "ಸಿದ್ದಪ್ಪ, ನೀನು ಅಲ್ಲಿತನ ಹೋಗಿ ಬಂದವ. ಆ ಹೆಣ್ಣಮಕ್ಳು ಅವರ ಮಾತಿನ್ಯಾಗ ಏನಂತಾರ?"

ಕೊಟ್ರಪ್ಪ ನನ್ನ ಕಡೆ ನೋಡಿದ. ಎಷ್ಟೋ ಹಡಗು ಮಣ್ಣಿಗೆ ಸುಳ್ಳು ಬರೆದವನಿಗೆ ಇದೊಂದು ಸುಳ್ಳು ಭಾರವಾಗಬೇಕಿರಲಿಲ್ಲ.

"ಮುಗೀತು ಅಂತಾರ, ಅಕ್ಕ."

"ಹ್ಞೂಂ." ತಲೆಯಾಡಿಸಿದಳು. "ಈಗ ಸರಿಯಾತು. ನನಗ ಆವಾಗ್ಲೂ ಅನ್ಸತಿತ್ತು. ಕರಿಯೋರ ದನಿ ಹಿಂಗಿರಂಗಿಲ್ಲ. ಇವನ ಖುಷಿ ನೋಡಿ ಬಸ್ಸಿಳಿದು ನಗತಿದ್ದೆ."

ಆಮೇಲೆ, ಮೂರು ವರ್ಷಗಳಲ್ಲಿ ಮೊದಲ ಬಾರಿಗೆ, ನನ್ನನ್ನು ನಡುವೆ ಇಟ್ಟುಕೊಳ್ಳದೆ ಹೇಳಿದಳು:

"ಕೊಟ್ರ, ಇನ್ನೊಂದು ಸಲ ಹಾಕು."

ಅವನು ಹಾಕಿದ. ಅವಳು ಮೊಣಕಾಲಿನ ಮೇಲೆ ಗದ್ದವಿಟ್ಟು ಕೇಳಿದಳು. ಬಲಗಾಲಿನ ಹೆಬ್ಬೆರಳು ತಾಳ ಹಾಕುತ್ತಿತ್ತು. ಅದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಮುಖ ನೋಡಬಾರದೆಂದು ದೋನಾ ಇರೇನಿ ಹೇಳಿದ್ದರು. ನಾನು ನೋಡಲಿಲ್ಲ.

ಮುಳ್ಳು ಎತ್ತಿದ ಮೇಲೆ ಕೊಟ್ರಪ್ಪ ಕಟ್ಟೆಯಿಂದ ಇಳಿದು ಹೊಸ್ತಿಲ ಹೊರಗೆ ನಿಂತ. ಹಾಡಿಗೆ ವಹಿಸಿದ್ದ ಕೆಲಸ ಅವನ ಪಾಲಿಗೇ ಬಂದಿತ್ತು.

"ಅಕ್ಕಾ, ಬಾ," ಎಂದ.

ಅವಳು ಎದ್ದಳು. ಒಳಗೆ ಹೋಗಿ ಇಬ್ಬರಿಗೂ ಚಹಾ ಮಾಡಿ ತಂದಳು. ಹುಡುಗನ ಊರು ಯಾವುದು, ಏನು ಮಾಡುತ್ತಾನೆ ಎಂದು ಕೇಳಿದಳು. ಗದ್ದೆ ನೋಡಿಕೊಂಡಿದ್ದಾನೆ ಎಂದಾಗ, "ಚಲೋ ಆತು. ಲಾರಿ ಕಡೆ ಕಳಿಸಬ್ಯಾಡ್ರಿ," ಎಂದಳು. ನಾವು ಸಾಮಾನು ಕಟ್ಟುವಾಗ ಪ್ಲೇಟನ್ನು ಬೊಟ್ಟು ಮಾಡಿ, "ಅದು ಇಲ್ಲಿರ್ಲಿ," ಎಂದಳು. ಅದನ್ನು ನುಡಿಸುವ ಮಿಷನ್ನು ಅವಳ ಮನೆಯಲ್ಲಿರಲಿಲ್ಲ. ಕೊಟ್ರಪ್ಪ ಅದನ್ನು ಲಕೋಟೆಗೆ ಹಾಕಿ ಅವಳ ಕೈಗೆ ಕೊಟ್ಟ.

ಮದುವೆ ಮುಂದಿನ ಗುರುವಾರ ಕಂಪ್ಲಿಯಲ್ಲಿ ನಡೆಯಿತು. ಹಂಪಕ್ಕ ಬರಲಿಲ್ಲ. ಮೊದಲ ಅರಿಷಿಣವನ್ನು ಹುಡುಗಿಯ ಚಿಕ್ಕಮ್ಮ ಹಚ್ಚಿದರು.